ಕೆಂಚನಗುಡ್ಡದ ತಪ್ಪಲಲ್ಲಿ ದುಂಬಿಗೊಂದು ತೋಟ

ಸಿರುಗುಪ್ಪವನ್ನು ಬಿಟ್ಟು ತುಂಗಭದ್ರೆಯ ದಂಡೆಯತ್ತ ಸಾಗುವ ಹಾದಿಯಲ್ಲಿ, ಮಳೆಗಾಲ ಮುಗಿಯುತ್ತ ಬಂದ ದಿನಗಳಲ್ಲಿ ಪಯಣಿಸುವವರಿಗೆ, ಬಳ್ಳಾರಿ ಸೀಮೆಯೆಂದರೆ ಬಿಸಿಲು, ಬಂಡೆ, ಬರಗಾಲ ಎಂದು ಕೇಳಿದ್ದ ಮಾತೆಲ್ಲ ಸುಳ್ಳೆನಿಸುತ್ತದೆ. ಕಣ್ಣು ಹಾಯುವವರೆಗೂ ಬತ್ತದ ಗದ್ದೆ. ಈ ಸೀಮೆಯವರ ಮಾತಿನಲ್ಲಿ ಹೇಳುವುದಾದರೆ, ನೆಲ್ಲು. ಕಾಲುವೆಯ ನೀರು ಮಡಿಯಿಂದ ಮಡಿಗೆ ಇಳಿಯುತ್ತದೆ. ಬದುವಿನ ಮೇಲೆ ಬೆಳ್ಳಕ್ಕಿಗಳು ಸಾಲುಗಟ್ಟಿ ನಿಂತಿರುತ್ತವೆ. ಗಾಳಿ ಬೀಸಿದಾಗ ಪೈರು ಒಮ್ಮೆ ಬಾಗಿ ಮತ್ತೆ ಎದ್ದು ನಿಲ್ಲುವುದನ್ನು ನೋಡುತ್ತಿದ್ದರೆ, ಸಿರುಗುಪ್ಪವೆಂಬ ಹೆಸರನ್ನು ಜನರು ‘ಸಿರಿಯ ಗುಪ್ಪೆ’ ಎಂದು ಬಿಡಿಸಿ ಹೇಳುವುದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಈ ಹಸಿರಿನ ಅಂಚಿನಲ್ಲಿ, ನದಿಯ ಬಲದಂಡೆಯ ಮೇಲೆ ಕೆಂಚನಗುಡ್ಡ ಇದೆ. ಕೆಂಚು ಬಣ್ಣವೂ ಗುಡ್ಡವೂ ಊರಿನ ಹೆಸರಿನಲ್ಲಿಯೇ ಕೂಡಿಕೊಂಡಿವೆ. ಇಲ್ಲಿ ನೀರು ಹರಿಯದ ಎತ್ತರದ ನೆಲದಲ್ಲಿ, ಬಂಡೆಗಳ ಸಂದಿಯಲ್ಲಿ, ಮುಳ್ಳಿನ ಪೊದೆ, ಒರಟು ಹುಲ್ಲು ಮತ್ತು ಅಲ್ಲೊಂದು ಇಲ್ಲೊಂದು ಎಕ್ಕದ ಗಿಡವಲ್ಲದೆ ಬೇರೇನೂ ಬೆಳೆಯದೆಂದು ಮೊದಲ ನೋಟಕ್ಕೆ ತೋರುತ್ತದೆ. ಗದ್ದೆಯನ್ನು ನೋಡಿ ತಣಿದ ಕಣ್ಣು ಇಲ್ಲಿ ಹೆಚ್ಚು ಹೊತ್ತು ನಿಲ್ಲಲೊಲ್ಲದು.

ಆದರೆ ಕಿವಿಯ ಅನುಭವವೇ ಬೇರೆ. ಗದ್ದೆಯ ಬದುವಿನ ಮೇಲೆ ನಿಂತು ಕಣ್ಣು ಮುಚ್ಚಿ ಆಲಿಸಿದರೆ ಕೇಳಿಬರುವುದು ನೀರು ಹರಿಯುವ ಸದ್ದು, ಕಪ್ಪೆಯ ವಟಗುಟ್ಟುವಿಕೆ ಮತ್ತು ಎಲ್ಲಿಯೋ ದೂರದಲ್ಲಿ ಔಷಧ ಸಿಂಪಡಿಸುವ ಯಂತ್ರದ ಮೊರೆತ. ಅಲ್ಲಿಂದ ಗುಡ್ಡದ ಕಡೆಗೆ ನಡೆದು ಹೂಬಿಟ್ಟ ಎಕ್ಕದ ಗಿಡವೊಂದರ ಬಳಿ ನಿಂತರೆ, ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಬಿಟ್ಟಂತೆ ಝೇಂಕಾರ ಕೇಳಿಸುತ್ತದೆ. ಹೆಬ್ಬೆರಳ ಗಾತ್ರದ ಕಪ್ಪು ದುಂಬಿಯೊಂದು ಹೂವಿನಿಂದ ಹೂವಿಗೆ ಹಾರುತ್ತದೆ. ಬುಡದ ತುಂಬೆಯ ಗಿಡದಲ್ಲಿ ಕಡ್ಡಿಜೇನಿನ ನೊಣಗಳು ಮುತ್ತಿರುತ್ತವೆ. ಮನುಷ್ಯನ ಕಣ್ಣಿಗೆ ಬರಡೆಂದು ಕಂಡ ನೆಲ ದುಂಬಿಗೆ ಅನ್ನಛತ್ರ. ಮನುಷ್ಯನಿಗೆ ಅನ್ನವಿಕ್ಕುವ ಹಸಿರುಗದ್ದೆ ದುಂಬಿಯ ಪಾಲಿಗೆ ಮರಳುಗಾಡು. ಕೆಂಚನಗುಡ್ಡದ ಸುತ್ತಲಿನ ನೆಲ ನೋಡುಗರಿಗೆ ಕಲಿಸುವ ಮೊದಲ ಪಾಠವಿದು.

ನೀರು ತಂದ ಸಿರಿ

ಈ ಸಿರಿಯ ಹಿಂದೆ ಶತಮಾನಗಳ ದುಡಿಮೆಯಿದೆ. ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿ ಕಾಲುವೆಗಳನ್ನು ತೋಡಿದ ವಿಜಯನಗರದ ಕಾಲದ ಜಾಣ್ಮೆ ಹಂಪೆಯ ಸುತ್ತಮುತ್ತ ಮಾತ್ರವೇ ಉಳಿದಿಲ್ಲ. ಸಿರುಗುಪ್ಪ, ದೇಶನೂರುಗಳ ಕಾಲುವೆಗಳೂ ಆ ಪರಂಪರೆಗೆ ಸೇರಿದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತಿತು. ಅದೇ ವರ್ಷ ಅಕ್ಟೋಬರ್ 1ರಂದು, ಅದುವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ಸಂಸ್ಥಾನದೊಡನೆ ಕೂಡಿದವು. ನದಿಯಾಚೆಗೆ ಕಾಣುವ ರಾಯಚೂರು ಜಿಲ್ಲೆಯ ದಂಡೆ 1948ರವರೆಗೆ ನಿಜಾಮನ ಸೀಮೆಯಾಗಿತ್ತು. ಆಳುವವರು ಬದಲಾದರು, ಗಡಿಗಳು ಬದಲಾದವು. ಜೋಳ, ಸಜ್ಜೆ, ಹತ್ತಿ ಬೆಳೆಯುತ್ತಿದ್ದ ಎರೆಯ ಹೊಲಗಳು ಕಾಲುವೆಯ ನೀರು ಮುಟ್ಟಿದಲ್ಲೆಲ್ಲ ನೆಲ್ಲಿನ ಗದ್ದೆಗಳಾದವು. ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರಿನಷ್ಟು ಮಳೆ ಬೀಳುವ, ಅದೂ ನಂಬಿಕೆಗೆ ನಿಲ್ಲದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಹಸಿವನ್ನು ಕಂಡಿದ್ದ ಮನೆಗಳಲ್ಲಿ ಅನ್ನ ಬೇಯತೊಡಗಿದ್ದನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಆ ಹಳೆಯ ಒಣಹೊಲದಲ್ಲಿ ಇದ್ದುದೇನು ಎಂಬುದನ್ನೂ ನೆನೆಯಬೇಕು. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಇರುತ್ತಿತ್ತು. ದನಗಳು ನುಗ್ಗದಂತೆ ಹೊಲದ ಅಂಚಿಗೆ ಮುಳ್ಳುಳ್ಳ ಕುಸುಬೆ. ಅಲ್ಲಲ್ಲಿ ಎಳ್ಳು, ಹುಚ್ಚೆಳ್ಳು. ಬದುವಿನ ಮೇಲೆ ಬನ್ನಿ, ಕರಿಜಾಲಿ, ಬೋರೆ. ಜೋಳದ ತೆನೆಯಿಂದ ಜೇನು ಪರಾಗವನ್ನು ಕೊಯ್ದು ಒಯ್ಯುತ್ತಿತ್ತು. ಕುಸುಬೆ, ಎಳ್ಳುಗಳಿಂದ ಮಕರಂದ ಹೀರುತ್ತಿತ್ತು. ನೆಲ್ಲಿನ ರೀತಿ ಬೇರೆ. ಅದರ ಹೂ ಬೆಳಗಿನ ಹೊತ್ತು ಒಂದೆರಡು ಗಂಟೆ ಮಾತ್ರ ಬಾಯ್ತೆರೆದು ಮುಚ್ಚಿಕೊಳ್ಳುತ್ತದೆ. ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಅದಕ್ಕೆ ದುಂಬಿಯ ಹಂಗಿಲ್ಲ. ಆದುದರಿಂದ ದುಂಬಿಗೆಂದು ಮಕರಂದವನ್ನೂ ಇಟ್ಟಿಲ್ಲ. ಜೇನುನೊಣವೊಂದು ಅಪರೂಪಕ್ಕೆ ಅದರ ಪರಾಗವನ್ನು ಕಾಲಿಗೆ ಮೆತ್ತಿಕೊಂಡು ಹೋದೀತು, ಅಷ್ಟೆ. ಒಂದೇ ಬೆಳೆ ಮೈಲಿಗಟ್ಟಲೆ ಹಬ್ಬಿ, ಬದುವಿನ ಮರಗಳು ನೇಗಿಲಿಗೆ, ಟ್ರಾಕ್ಟರಿಗೆ ಅಡ್ಡಿಯೆಂದು ಕಡಿಯಲ್ಪಟ್ಟಾಗ, ಹಸಿರಿನ ನಡುವೆಯೇ ಜೇನು ಹಸಿದಿದೆ.

ಮನುಷ್ಯನೇ ದುಂಬಿಯಾದಾಗ

ಜೇನು ಹಸಿದರೆ ಮನುಷ್ಯನಿಗೇನು ನಷ್ಟವೆಂದು ಕೇಳುವವರು, ಕಾಲುವೆಯ ನೀರು ತಲುಪದ ಹೊಲಗಳಲ್ಲಿ ಸೂರ್ಯಕಾಂತಿ ಹೂಬಿಟ್ಟ ಸಮಯದಲ್ಲಿ ಈ ಸೀಮೆಗೆ ಬರಬೇಕು. ಸೂರ್ಯಕಾಂತಿಯೂ ಪರದೇಶದ ಬೆಳೆಯೇ. 1969ರಲ್ಲಿ ರಷ್ಯದ ತಳಿಗಳು ಭಾರತಕ್ಕೆ ಬಂದ ಮೇಲೆ ಅದು ಎಣ್ಣೆಕಾಳಿನ ಬೆಳೆಯಾಗಿ ಹರಡಿತು. ಒಂದೇ ಹೂವೆಂದು ನಾವು ಕರೆಯುವ ಆ ಬಂಗಾರದ ತಟ್ಟೆಯಲ್ಲಿ ವಾಸ್ತವವಾಗಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮೀರಿದ ಕಿರುಹೂಗಳಿರುತ್ತವೆ. ಅವು ಅಂಚಿನಿಂದ ನಡುವಿಗೆ ದಿನಕ್ಕೊಂದಿಷ್ಟರಂತೆ ಅರಳುತ್ತವೆ. ಪ್ರತಿ ಕಿರುಹೂವಿನಲ್ಲಿಯೂ ಮೊದಲು ಪರಾಗ ಹೊರಬರುತ್ತದೆ. ಅದನ್ನು ಸ್ವೀಕರಿಸುವ ಶಲಾಕೆ ಬಿಚ್ಚಿಕೊಳ್ಳುವುದು ಅನಂತರ. ಹೀಗಾಗಿ ಪರಾಗವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯುವವರು ಬೇಕು. ಜೇನು ಬಾರದಿದ್ದರೆ ತಟ್ಟೆಯ ನಡುಭಾಗದಲ್ಲಿ ಕಾಳಿನ ಸಿಪ್ಪೆ ಇರುತ್ತದೆ, ತಿರುಳಿರುವುದಿಲ್ಲ. ರೈತರು ಅದನ್ನು ಜಳ್ಳು ಎನ್ನುತ್ತಾರೆ.

ಜೇನು ಸಾಕಷ್ಟಿಲ್ಲದ ಕಡೆ ಹೂಬಿಟ್ಟ ದಿನಗಳಲ್ಲಿ ಬೆಳಗಿನ ಹೊತ್ತು ಮೆತ್ತನೆಯ ಬಟ್ಟೆಯಿಂದ ತೆನೆಗಳನ್ನು ಒಂದಾದ ಮೇಲೊಂದು ನವಿರಾಗಿ ಸವರಬೇಕೆಂದು, ಇಲ್ಲವೆ ಎರಡು ತೆನೆಗಳನ್ನು ಮುಖಕ್ಕೆ ಮುಖ ತಾಗಿಸಿ ಉಜ್ಜಬೇಕೆಂದು ಕೃಷಿತಜ್ಞರು ಸಲಹೆ ಕೊಡುತ್ತಾರೆ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರು, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರು ಬಿಟ್ಟು ಬಿತ್ತಿದ ಒಂದು ಎಕರೆಯಲ್ಲಿ ಸುಮಾರು 22,000 ಗಿಡಗಳಿರುತ್ತವೆ. ಅಷ್ಟೂ ತೆನೆಗಳನ್ನು ಒಂದು ದಿನವಲ್ಲ, ದಿನ ಬಿಟ್ಟು ದಿನ ಸವರಬೇಕು. ಜೇನು ಕೂಲಿ ಕೇಳದೆ ಮಾಡುತ್ತಿದ್ದ ಕೆಲಸಕ್ಕೆ ಹೆಣ್ಣಾಳುಗಳು ಬೆಳಗಿನ ಬಿಸಿಲಿನಲ್ಲಿ ಬಟ್ಟೆಯ ತುಂಡು ಹಿಡಿದು ನಿಲ್ಲಬೇಕಾಗುತ್ತದೆ.

ಇದು ಒಂದೇ ಬೆಳೆಯ ಸಂಗತಿಯಲ್ಲ. ಲೋಕದ 115 ಪ್ರಮುಖ ಆಹಾರ ಬೆಳೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 87 ಬೆಳೆಗಳು ಒಂದಲ್ಲ ಒಂದು ಮಟ್ಟದಲ್ಲಿ ಕೀಟ, ಹಕ್ಕಿ, ಬಾವಲಿಗಳಂಥ ಜೀವಿಗಳನ್ನು ನೆಚ್ಚಿವೆಯೆಂದು ಕಂಡುಬಂತು. ಕುಂಬಳ, ಹೀರೆ, ಸೌತೆಗಳೂ ಆ ಸಾಲಿನವೇ. ಮನೆಯ ಹಿತ್ತಿಲಿನ ಹೀರೆಬಳ್ಳಿ ತುಂಬ ಹೂಬಿಟ್ಟೂ ಕಾಯಿ ಕಚ್ಚಲಿಲ್ಲವೆಂದು ನೊಂದುಕೊಳ್ಳುವ ಗೃಹಿಣಿ ದೃಷ್ಟಿ ತಾಗಿತೆಂದು ಬಗೆಯಬಹುದು. ತಪ್ಪಿಹೋದದ್ದು ದುಂಬಿಯ ದೃಷ್ಟಿ.

ಬಳ್ಳಾರಿಯದಲ್ಲದ ಬಳ್ಳಾರಿ ಜಾಲಿ

ಹಾಗಾದರೆ ಈ ಜೀವಿಗಳಿಗಾಗಿ ಊರಂಚಿನಲ್ಲಿ, ಶಾಲೆಯ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ ಒಂದು ತೋಟವನ್ನು ಮಾಡುವುದಾದರೆ ಯಾವ ಗಿಡಗಳನ್ನು ಆರಿಸಬೇಕು? ಹೂದೋಟವೆಂದೊಡನೆ ಪೇಟೆಯ ನರ್ಸರಿಯ ನೆನಪಾಗುತ್ತದೆ. ಬೋಗನ್‌ವಿಲ್ಲಾ, ಬಣ್ಣಬಣ್ಣದ ಗುಲಾಬಿ, ದಳದ ಮೇಲೆ ದಳ ಕಿಕ್ಕಿರಿದ ಸೇವಂತಿಗೆ ನೋಟಕ್ಕೆ ಹಬ್ಬವೇ ಸರಿ. ಆದರೆ ಸುತ್ತು ಸುತ್ತಾಗಿ ದಳ ಹೆಚ್ಚಿಸಿಕೊಂಡ ಅನೇಕ ಹೂಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ. ಪರಾಗವಿಲ್ಲ, ಮಕರಂದಕ್ಕೆ ದಾರಿಯೂ ಇಲ್ಲ. ಅವು ದುಂಬಿಯ ಪಾಲಿಗೆ ಬಾಗಿಲಿಗೆ ತೋರಣ ಕಟ್ಟಿ ಒಳಗೆ ಒಲೆ ಹಚ್ಚದ ಮನೆಗಳು.

ನಾಡಿನ ಗಿಡವೇ ಬೇಕೆಂದು ಹೊರಟವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಕನ್ನಡನಾಡಿನ ಹಲವೆಡೆ ‘ಬಳ್ಳಾರಿ ಜಾಲಿ’ ಎಂದು ಕರೆಯುವ ಮುಳ್ಳಿನ ಗಿಡ ಬಳ್ಳಾರಿಯದೂ ಅಲ್ಲ, ಭಾರತದ್ದೂ ಅಲ್ಲ. ಅದರ ತವರು ಅಮೆರಿಕ ಖಂಡ. ದಕ್ಷಿಣ ಭಾರತವನ್ನು 1876–78ರ ಘೋರ ಕ್ಷಾಮ ನುಂಗುತ್ತಿದ್ದ ಕಾಲದಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿಗಳು ಸೌದೆಗೆಂದು, ಬೋಳುನೆಲದ ಹೊದಿಕೆಗೆಂದು ಅದರ ಬೀಜ ತರಿಸಿದರು; 1877ರ ಸುಮಾರಿಗೆ ನೆರೆಯ ಕಡಪ ಸೀಮೆಯಲ್ಲಿ ಬಿತ್ತಿದರು. ತೆಲುಗರು ಅದನ್ನು ‘ಸರ್ಕಾರ್ ತುಮ್ಮ’ ಎನ್ನುವುದು ಇದೇ ಕಾರಣದಿಂದ. ಅದು ಬಡವರ ಒಲೆಗೆ ಸೌದೆಯಾದದ್ದು ನಿಜ. ಅದರ ಹೂವಿಗೆ ಜೇನು ಮುತ್ತುವುದೂ ನಿಜ. ಆದರೆ ಒಮ್ಮೆ ಕಾಲೂರಿದ ಕಡೆ ಅದು ಬೇರೆ ಗಿಡಕ್ಕೆ ಎಡೆಗೊಡುವುದಿಲ್ಲ. ಹತ್ತು ಬಗೆಯ ಹೂಗಳು ಹತ್ತು ತಿಂಗಳು ಊಟ ಹಾಕುತ್ತಿದ್ದ ನೆಲದಲ್ಲಿ ಒಂದೇ ಗಿಡ ತಾನು ಬೇಕೆಂದಾಗ ಬಡಿಸುತ್ತದೆ. ಈಗಾಗಲೇ ಇರುವ ಜಾಲಿಯನ್ನು ಒಂದೇ ದಿನದಲ್ಲಿ ಕಿತ್ತೊಗೆದರೆ ಜೇನಿಗೆ ಇದ್ದ ತುತ್ತೂ ತಪ್ಪೀತು. ಹೊಸದಾಗಿ ಅದನ್ನು ನೆಡುವುದಂತೂ ಸಲ್ಲದು. ಅದರ ಜಾಗದಲ್ಲಿ ಹಂತಹಂತವಾಗಿ ನಮ್ಮ ಗಿಡಗಳನ್ನು ಎಬ್ಬಿಸುವುದೇ ಜಾಣತನ.

ನಾಡಿನದು ಯಾವುದು, ಹೊರಗಿನದು ಯಾವುದು ಎಂಬ ಲೆಕ್ಕದಲ್ಲಿ ತೀರ ಹಟವೂ ಒಳ್ಳೆಯದಲ್ಲ. ಹುಣಸೆಯ ಮೂಲ ಆಫ್ರಿಕ. ಆದರೆ ಅದು ನಮ್ಮ ಸಾರಿಗೂ ಗಾದೆಗೂ ಒಗ್ಗಿ ಶತಮಾನಗಳೇ ಸಂದಿವೆ. ಬೇಸಗೆಯ ಕೊನೆಯಲ್ಲಿ ಅದರ ಹೂವಿನ ತುಂಬ ಜೇನಿರುತ್ತದೆ. ಅದು ಯಾರ ನೆಲವನ್ನೂ ಕಬಳಿಸಲಿಲ್ಲ. ಬಂದ ಅತಿಥಿ ಪಂಕ್ತಿಯಲ್ಲಿ ಕುಳಿತು ಉಂಡನೋ, ಪಂಕ್ತಿಯವರನ್ನೆಲ್ಲ ಎಬ್ಬಿಸಿದನೋ ಎಂಬುದನ್ನು ನೋಡಿ ತೀರ್ಮಾನಿಸಬೇಕು.

ಗುಡ್ಡದ ಗಿಡಗಳ ಪರಿಚಯ

ಕೆಂಚನಗುಡ್ಡದಂಥ ಒಣನೆಲದಲ್ಲಿ ಆಯ್ಕೆಗೆ ಮೊದಲು ನಿಲ್ಲುವುದು ಎಕ್ಕ. ‘ಎಕ್ಕುಟ್ಟಿ ಹೋಗು’ ಎಂದು ಬಯ್ಯುವ ನಾಡಿದು. ಎಕ್ಕ ಹುಟ್ಟಿದ ಮನೆ ಪಾಳುಬಿದ್ದ ಮನೆಯೆಂಬ ಭಾವನೆ ಆ ಬೈಗುಳದ ಹಿಂದಿದೆ. ಆದರೆ ವರ್ಷದ ಬಹುಪಾಲು, ಕಡುಬೇಸಗೆಯಲ್ಲಿಯೂ, ನೀರೆರೆಯುವವರಿಲ್ಲದೆ ಹೂಬಿಡುವ ಗಿಡ ಅದರಂತೆ ಇನ್ನೊಂದಿಲ್ಲ. ಅದರ ಪರಾಗ ಪುಡಿಯಾಗಿ ಉದುರದೆ ಸಣ್ಣ ಗಂಟುಗಳಾಗಿರುತ್ತದೆ. ಮಕರಂದಕ್ಕೆ ಬಂದ ದೊಡ್ಡ ಕಪ್ಪು ದುಂಬಿಯ ಕಾಲಿಗೆ ಆ ಗಂಟು ಸಿಕ್ಕಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಸಣ್ಣ ಕೀಟಗಳು ಆ ಗಂಟನ್ನು ಎಳೆದೊಯ್ಯಲಾರದೆ ಹೂವಿನಲ್ಲಿಯೇ ಸಿಕ್ಕಿಬೀಳುವುದೂ ಉಂಟು. ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚುಳ್ಳ ಒಂದು ಜಾತಿಯ ಚಿಟ್ಟೆ ತನ್ನ ಮೊಟ್ಟೆಗಳನ್ನು ಎಕ್ಕದ ಎಲೆಯ ಮೇಲಿಡುತ್ತದೆ. ಮರಿಹುಳು ಆ ಹಾಲಿನ ವಿಷವನ್ನೇ ಉಂಡು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಚಿಟ್ಟೆ ಬೇಕೆನ್ನುವವರು ತಿಂದ ಎಲೆಗಳನ್ನು ಕಂಡು ಮುಖ ಸಿಂಡರಿಸಬಾರದು.

ಎರಡನೆಯದು ತಂಗಡಿ. ಇದರ ತೊಗಟೆ ತೊಗಲು ಹದಮಾಡುವುದಕ್ಕೆ ಪ್ರಸಿದ್ಧ. ಮಳೆ ಬಿದ್ದ ಮೇಲೆ ಬಂಗಾರದ ಹೂಗಳಿಂದ ಪೊದೆಯೆಲ್ಲ ಮುಚ್ಚಿಹೋಗುತ್ತದೆ. ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗವೂ ಹೊರಗೆ ಕಾಣುವುದಿಲ್ಲ. ತುದಿಯಲ್ಲಿ ಸಣ್ಣ ರಂಧ್ರವಿರುವ ಕೊಳವೆಯಂಥ ಪರಾಗಕೋಶದೊಳಗೆ ಅಡಗಿರುತ್ತದೆ. ಕಪ್ಪು ದುಂಬಿ ಹೂವನ್ನು ಅಪ್ಪಿ ಹಿಡಿದು, ರೆಕ್ಕೆಗಳನ್ನಾಡಿಸದೆ ಎದೆಯ ಸ್ನಾಯುಗಳನ್ನು ಮಾತ್ರ ಬಿರುಸಾಗಿ ಅದುರಿಸುತ್ತದೆ. ಆ ಕಂಪನಕ್ಕೆ ಪರಾಗ ಉಪ್ಪಿನ ಕುಡಿಕೆಯಿಂದ ಉಪ್ಪು ಉದುರಿದಂತೆ ಉದುರುತ್ತದೆ. ಬದನೆ, ಟೊಮೇಟೊಗಳ ಹೂವೂ ಇದೇ ಬಗೆಯದು. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ತಿಳಿಯದು. ಆದುದರಿಂದ ತಂಗಡಿಯ ಪೊದೆಯನ್ನು ಉಳಿಸಿಕೊಂಡ ಬದನೆಯ ತೋಟದ ಒಡೆಯ, ತಿಳಿದೋ ತಿಳಿಯದೆಯೋ, ನುರಿತ ಕೆಲಸಗಾರರನ್ನು ಉಳಿಸಿಕೊಂಡಿರುತ್ತಾನೆ.

ನೆಲಮಟ್ಟದಲ್ಲಿ ತುಂಬೆ. ಶಿವನಿಗೆ ಪ್ರಿಯವೆಂದು ಹೆಸರಾದ ಈ ಪುಟ್ಟ ಬಿಳಿಯ ಹೂ, ಮುಂಗಾರಿನಿಂದ ಚಳಿಗಾಲದವರೆಗೆ ಸಣ್ಣ ಜೇನುಗಳಿಗೂ ಚಿಟ್ಟೆಗಳಿಗೂ ಊಟವಿಕ್ಕುತ್ತದೆ. ಅದರೊಡನೆ ಹಳದಿ ಹೂವಿನ ನೆಗ್ಗಿಲು, ಉತ್ತರಾಣಿ, ಮನೆಯಂಗಳದ ತುಳಸಿ. ತೇವವಿರುವ ಹಳ್ಳದ ಬದಿಗೆ ನೀಲಿಹೂವಿನ ಲಕ್ಕಿ. ಬೇಲಿಯ ಸಾಲಿಗೆ ಬೋರೆ, ಕಾರೆ. ಬೇಲಿಯ ಮೇಲೆ ಹಬ್ಬಿಸಲು ಈಶ್ವರಿ ಬಳ್ಳಿ. ಕೆಂಪು ಮೈಯ ಕಪ್ಪು ರೆಕ್ಕೆಯ ಸುಂದರವಾದ ಚಿಟ್ಟೆಯೊಂದರ ಮರಿಹುಳುಗಳು ಈಶ್ವರಿಯ ಎಲೆಯನ್ನುಂಡು ಬೆಳೆಯುತ್ತವೆ.

ಮರಗಳ ಸಾಲಿನಲ್ಲಿ ಬನ್ನಿಯದೇ ಹಿರಿತನ. ದಸರೆಯ ದಿನ ಕೈಗೆ ಕೈ ಬದಲಾಯಿಸುವ ಆ ಎಲೆಯ ಮರ, ಬೇರನ್ನು ಆಳಕ್ಕಿಳಿಸಿ, ಮೇಲೆ ಬೆಂಕಿಯಂಥ ಬಿಸಿಲಿರುವಾಗ ಹಳದಿ ಹೂಗೊಂಚಲುಗಳನ್ನು ತಳೆಯುತ್ತದೆ. ತನ್ನ ನೆರಳಿನ ಬೆಳೆಯನ್ನು ಅದು ಕೊಲ್ಲುವುದಿಲ್ಲ. ಯುಗಾದಿಗೆ ಬೇವು ಹೂಬಿಟ್ಟು ಗಾಳಿಗೆ ಜೇನಿನ ಕಂಪು ಬೆರೆಸುತ್ತದೆ. ಅದಕ್ಕೂ ಮುನ್ನ ಮುತ್ತುಗ, ಅದರ ಬೆನ್ನಿಗೇ ಹೊಂಗೆ, ಅನಂತರ ಕಕ್ಕೆ, ಹುಣಸೆ. ಮಳೆ ಬಂದ ಮೇಲೆ ಕರಿಜಾಲಿಯ ಹಳದಿ ಚೆಂಡುಗಳು, ಬೋರೆಯ ಹೂ. ಹೊಂಗೆಯ ಸೊಪ್ಪನ್ನು ಹಿಂದೆ ಗದ್ದೆಗೆ ಗೊಬ್ಬರವಾಗಿ ತುಳಿಯುತ್ತಿದ್ದರು. ಗೊಬ್ಬರದ ಚೀಲ ಪೇಟೆಯಿಂದ ಬಂದ ಮೇಲೆ ಹೊಂಗೆ ಬೇಡವಾಯಿತು; ಹೊಂಗೆಯೊಡನೆ ಬೇಸಗೆಯ ಮಕರಂದವೂ ಹೋಯಿತು.

ಪಂಪ ತನ್ನ ಬನವಾಸಿಯಲ್ಲಿ ಮರಿದುಂಬಿಯಾಗಿಯಾದರೂ ಹುಟ್ಟಬೇಕೆಂದು ಹಂಬಲಿಸಿದ. ನಮ್ಮ ಕಾವ್ಯದ ದುಂಬಿ ತಾವರೆ, ಮಲ್ಲಿಗೆ, ಮಾವುಗಳ ನಡುವೆ ಬಾಳಿದ ಭಾಗ್ಯಶಾಲಿ. ಒಣನಾಡಿನ ದುಂಬಿಯ ಪಾಲಿಗೆ ಬಂದದ್ದು ಎಕ್ಕ, ತುಂಬೆ, ತಂಗಡಿ. ಕವಿಗಳು ಮರೆತರೂ ಈ ಹೂಗಳನ್ನು ಹಬ್ಬಗಳು ಮರೆಯಲಿಲ್ಲ. ಯುಗಾದಿಯ ಬೇವಿನ ಹೂ, ದಸರೆಯ ಬನ್ನಿ, ಶಿವನ ತುಂಬೆ, ಹನುಮನ ಎಕ್ಕದ ಹಾರ. ಪೂಜೆಯ ನೆಪದಲ್ಲಿ ಊರಿನವರು ಕಡಿಯದೆ ಉಳಿಸಿದ ಗಿಡಗಳ ಪಟ್ಟಿ ಮಾಡಿದರೆ, ದುಂಬಿಯ ತೋಟದ ಪಟ್ಟಿ ಅರ್ಧ ಸಿದ್ಧವಾದಂತೆಯೇ.

ಹನ್ನೆರಡು ತಿಂಗಳ ಊಟ

ಈ ಗಿಡಗಳನ್ನು ಒಂದೊಂದಾಗಿ ಬಲ್ಲವರೂ ಮರೆಯುವ ಸೂತ್ರವೊಂದಿದೆ: ತೋಟದಲ್ಲಿ ಎಷ್ಟು ಹೂವಿದೆ ಎಂಬುದಲ್ಲ, ಯಾವ ತಿಂಗಳು ಹೂವಿಲ್ಲ ಎಂಬುದೇ ಮುಖ್ಯ. ಜೇನಿನ ಕುಟುಂಬ ಒಂದು ತಿಂಗಳು ಉಪವಾಸ ಬಿದ್ದರೆ ಉಳಿದ ಹನ್ನೊಂದು ತಿಂಗಳ ಔತಣ ವ್ಯರ್ಥ. ಲಡಾಖಿನಂಥ ಶೀತಮರುಭೂಮಿಯಲ್ಲಿ ತೋಟಗಾರನ ಚಿಂತೆ ಒಂದು ಬಗೆಯದು. ಅಲ್ಲಿ ಹಿಮ ಕರಗಿದ ಕೆಲವೇ ತಿಂಗಳುಗಳೊಳಗೆ ವರ್ಷದ ಹೂವೆಲ್ಲ ಮುಗಿಯಬೇಕು. ಅಷ್ಟರೊಳಗೆ ಬೇಗ ಅರಳುವುದು, ನಡುವೆ ಅರಳುವುದು, ತಡವಾಗಿ ಅರಳುವುದು ಎಂದು ಸಾಲು ಹೊಂದಿಸಬೇಕು. ಇಲ್ಲಿ ಹಿಮದ ಭಯವಿಲ್ಲ, ಬಿಸಿಲಿನ ಭಯ. ಜೊತೆಗೆ ಮರಗಳ ಹೂ ಮುಗಿದು ನೆಲದ ಗಿಡಗಳು ಇನ್ನೂ ಮೇಲೇಳದ ಮುಂಗಾರಿನ ನಡುಗಾಲದ ಭಯ. ಚಳಿಯಾಗಲಿ ಬಿಸಿಲಾಗಲಿ, ಒಣನಾಡಿನ ಸೂತ್ರ ಒಂದೇ: ಆ ನೆಲದ ಋತುವನ್ನು ಕಲಿತ ಗಿಡಗಳನ್ನು ಆರಿಸಿ, ಒಂದು ಕೈಬಿಟ್ಟಲ್ಲಿ ಇನ್ನೊಂದು ಕೈಹಿಡಿಯುವಂತೆ ನಿಲ್ಲಿಸುವುದು.

ಊಟದಷ್ಟೇ ಮನೆಯೂ ಮುಖ್ಯ. ಲೋಕದಲ್ಲಿ ಜೇನಿನ ಬಳಗದ ಜಾತಿಗಳು 20,000ಕ್ಕೂ ಹೆಚ್ಚು. ಅವುಗಳಲ್ಲಿ ಹೆಚ್ಚಿನವು ಹುಟ್ಟು ಕಟ್ಟುವುದಿಲ್ಲ, ಜೇನುತುಪ್ಪ ಕೂಡಿಡುವುದಿಲ್ಲ. ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಬಾಳುತ್ತವೆ. ತೋಟವನ್ನೆಲ್ಲ ಸಿಮೆಂಟಿನಿಂದ ಮುಚ್ಚಿದರೆ, ಇಲ್ಲವೆ ಪ್ರತಿ ಅಂಗುಲವನ್ನೂ ಅಗೆದು ಹದಮಾಡಿದರೆ ಅವುಗಳ ತೊಟ್ಟಿಲು ಒಡೆಯುತ್ತದೆ. ಬಿಸಿಲು ಬೀಳುವ ಒಂದು ತುಂಡು ಬೋಳುನೆಲ, ಒಣಗಿದ ಮರದ ಒಂದು ಬೊಡ್ಡೆ, ಟೊಳ್ಳು ಬಿದಿರಿನ ಒಂದು ಕಟ್ಟು, ಕಲ್ಲುಹರಳು ಹಾಕಿದ ಮಣ್ಣಿನ ತಟ್ಟೆಯಲ್ಲಿ ಒಂದಿಷ್ಟು ನೀರು, ಇಷ್ಟು ಸಾಕು. ಹೆಜ್ಜೇನು ಮೈಲಿಗಟ್ಟಲೆ ಹಾರಬಲ್ಲದು. ಸಣ್ಣ ಒಂಟಿ ಜೇನಿನ ಹಾರಾಟವಾದರೋ ಕೆಲವು ನೂರು ಮೀಟರುಗಳೊಳಗೆ ಮುಗಿಯುತ್ತದೆ. ಆದುದರಿಂದ ಊರಿಗೊಂದು ದೊಡ್ಡ ತೋಟಕ್ಕಿಂತ ಹೊಲಹೊಲದ ಬದುವಿನ ಮೇಲೆ ಹತ್ತು ಗಿಡಗಳಿರುವುದು ಮೇಲು.

ನೆಡುವ ಬಗೆ ಕಷ್ಟದ್ದಲ್ಲ. ಬೇವಿನ ಬೀಜವನ್ನು ಹಣ್ಣಿನಿಂದ ಬಿಡಿಸಿದ ಕೆಲವೇ ವಾರಗಳಲ್ಲಿ ಬಿತ್ತಬೇಕು. ಕೂಡಿಟ್ಟ ಬೀಜ ಮೊಳೆಯದು. ತಂಗಡಿ, ಕಕ್ಕೆಗಳ ಬೀಜದ ಸಿಪ್ಪೆ ಗಟ್ಟಿ. ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬೇಕು. ಬಳ್ಳಾರಿಯ ಕಡೆ ಮುಂಗಾರಿನ ಆರಂಭಕ್ಕಿಂತ ಸೆಪ್ಟೆಂಬರಿನ ಮಳೆಯೇ ಹೆಚ್ಚು ನಂಬಿಕಸ್ತ. ಹುಬ್ಬಿ, ಉತ್ತರೆ, ಹಸ್ತೆಯ ಮಳೆಗಳ ನಡುವೆ ನೆಟ್ಟ ಗಿಡ ಚಳಿಗಾಲದೊಳಗೆ ಬೇರಿಳಿಸಿಕೊಳ್ಳುತ್ತದೆ. ಮೊದಲ ಬೇಸಗೆಯಲ್ಲಿ ವಾರಕ್ಕೊಂದು ಕೊಡ ನೀರು. ಆಮೇಲೆ ಅವುಗಳ ಪಾಡಿಗೆ ಅವು.

ಆದರೆ ಎಲ್ಲ ಗಿಡ ನೆಟ್ಟೂ, ಪಕ್ಕದ ಹೊಲದಲ್ಲಿ ಹೂವಿನ ಹೊತ್ತಿನಲ್ಲಿ ವಿಷ ಸಿಂಪಡಿಸಿದರೆ ತೋಟವೇ ಬಲೆಯಾಗುತ್ತದೆ. ಕರೆದು ಉಣಿಸಿ ಕೊಂದಂತಾಗುತ್ತದೆ. ಜೇನಿಗೆ ಮಾರಕವೆಂದು ಕಂಡುಬಂದ ಮೂರು ಕೀಟನಾಶಕಗಳನ್ನು ಐರೋಪ್ಯ ಒಕ್ಕೂಟ 2018ರಲ್ಲಿ ಬಯಲಿನ ಬೆಳೆಗಳಿಗೆ ನಿಷೇಧಿಸಿತು. ಇಲ್ಲಿನ ರೈತನಿಗೆ ಒಡನೆಯೇ ಅಷ್ಟು ಸಾಧ್ಯವಾಗದಿದ್ದರೂ, ಹೂವರಳಿದ ದಿನಗಳಲ್ಲಿ ಕೈತಡೆಯುವುದು, ತಪ್ಪದೆ ಸಿಂಪಡಿಸಲೇಬೇಕಾದರೆ ಜೇನು ಗೂಡಿಗೆ ಮರಳಿದ ಸಂಜೆಯ ಹೊತ್ತನ್ನು ಆರಿಸುವುದು ಅವನ ಕೈಯಲ್ಲಿಯೇ ಇದೆ.

ಬದುವಿನ ಮೇಲೊಂದು ಎಕ್ಕ

ಒಣನೆಲಕ್ಕೆ ಬಿಡುವು ಕೊಟ್ಟರೆ ಏನಾಗುತ್ತದೆಂಬುದಕ್ಕೆ ಇದೇ ಸೀಮೆಯಲ್ಲಿ ಸಾಕ್ಷಿಯಿದೆ. ಬಳ್ಳಾರಿ–ಹೊಸಪೇಟೆಗಳ ನಡುವಿನ ದರೋಜಿಯ ಕಲ್ಲುಗುಡ್ಡಗಳಿಗೆ 1994ರಲ್ಲಿ ಕರಡಿಧಾಮವೆಂದು ರಕ್ಷಣೆ ದೊರೆಯಿತು. ಹೆಬ್ಬಂಡೆಗಳ ನಡುವೆ ಕುರುಚಲು ಕಾಡು ಚೇತರಿಸಿಕೊಂಡಿತು. ಕಾರೆ, ಬೋರೆ, ಕಕ್ಕೆಗಳ ಹಣ್ಣಿಗೂ ಜೇನಿನ ಹುಟ್ಟಿಗೂ ಕರಡಿ ಬರುತ್ತದೆ. ಕರಡಿ ತಿನ್ನುವ ಹಣ್ಣಿನ ಹಿಂದೆ ಒಂದು ಹೂವಿತ್ತು. ಆ ಹೂವಿಗೆ ಬಂದ ದುಂಬಿಯೊಂದಿತ್ತು.

ಕೆಂಚನಗುಡ್ಡದ ಬಳಿಯ ಗದ್ದೆಯಲ್ಲಿ ಬದು ಸವರುವ ಎಳೆಯನೊಬ್ಬ ಕುಡುಗೋಲನ್ನು ಎಕ್ಕದ ಗಿಡಕ್ಕೆ ಎತ್ತಿದರೆ, ಹಿರಿಯರು ತಡೆಯುವುದುಂಟು. “ಅದನ್ಯಾಕ ಕಡೀತಿಯೋ ತಮ್ಮಾ? ಅದು ನಿನ್ನ ನೀರು ಕೇಳೈತೇನು?” ಎಂದು ಅಜ್ಜ ಕೇಳುತ್ತಾನೆ. “ಉಪಯೋಗಿಲ್ಲಲ್ಲ ತಾತಾ” ಎಂದು ಹುಡುಗ ಹೇಳಿದರೆ, “ಹನುಮಪ್ಪಗ ಬೇಕು, ಬಿಡು” ಎಂಬುದು ಉತ್ತರ. ಹನುಮಪ್ಪನ ಹೆಸರಿನಲ್ಲಿ ಉಳಿದ ಗಿಡಕ್ಕೆ ಮರುದಿನ ಬೆಳಗ್ಗೆ ದುಂಬಿ ಬರುತ್ತದೆ. ಅಜ್ಜನಿಗೆ ಪರಾಗಸ್ಪರ್ಶದ ಶಾಸ್ತ್ರ ತಿಳಿದಿರಲಿಕ್ಕಿಲ್ಲ. ಶಾಸ್ತ್ರ ತಿಳಿದ ಮೊಮ್ಮಗನಿಗೆ ಆ ಗಿಡವನ್ನು ಬಿಡಲು ಇನ್ನೊಂದು ಕಾರಣ ಸಿಕ್ಕಂತಾಯಿತು.

ಸಂಜೆಯ ಹೊತ್ತಿಗೆ ತುಂಗಭದ್ರೆಯ ನೀರು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಗದ್ದೆಯಿಂದ ಬೆಳ್ಳಕ್ಕಿಗಳು ಏಳುತ್ತವೆ. ಹಗಲೆಲ್ಲ ಕಾದ ಬಂಡೆಗಳ ಬಿಸಿ ನಿಧಾನವಾಗಿ ಇಳಿಯತೊಡಗುತ್ತದೆ. ತಂಗಡಿಯ ಪೊದೆಯಲ್ಲಿ ಕೊನೆಯ ದುಂಬಿಯ ಮೊರೆತ ನಿಂತುಹೋಗುತ್ತದೆ. ನಾಳೆ ಅದು ಮತ್ತೆ ಬರಬೇಕಾದರೆ ಊರಿನವರು ಬಿಟ್ಟುಕೊಡಬೇಕಾದುದು ಗದ್ದೆಯನ್ನಲ್ಲ, ಗದ್ದೆಯ ಅಂಚಿನ ಒಂದು ಮೊಳ ಬದುವನ್ನು. ಹಸ್ತೆಯ ಮಳೆ ಬೀಳುವ ಮುನ್ನ ಒಂದು ಹಿಡಿ ತಂಗಡಿಯ ಬೀಜವನ್ನು ನೆನೆಹಾಕಿಟ್ಟುಕೊಂಡರೆ, ಮುಂದಿನ ಕೆಲಸವನ್ನು ಮಳೆಯೂ ಮಣ್ಣೂ ನೋಡಿಕೊಳ್ಳುತ್ತವೆ.